ಓದಿನ ಜೊತೆ ದುಡಿಮೆ: ಕೆನಡಾನಾ, ಜರ್ಮನಿನಾ?

ಕೆನಡಾದ ಲೆಕ್ಕ ಸುಲಭ. 2024ರ ನವೆಂಬರ್‌ನಿಂದ ನಮ್ಮಂಥ ವಿದೇಶಿ ವಿದ್ಯಾರ್ಥಿಗಳು ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದು. ಸೆಮಿಸ್ಟರ್ ರಜೆಯಲ್ಲಿ ಆ ಮಿತಿಯೂ ಇಲ್ಲ.

ಜರ್ಮನಿಯಲ್ಲಿ ದಿನ ಎಣಿಸಬೇಕು. ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ. ನಾಲ್ಕು ಗಂಟೆಯವರೆಗಿನ ಪಾಳಿ ಅರ್ಧ ದಿನ. ಕೆಫೆಯಲ್ಲಿ ಐದು ಗಂಟೆ ನಿಂತರೆ ಪೂರ್ತಿ ದಿನವೇ ಹೋಯ್ತು. ಆದರೆ ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಮೀರದಿದ್ದರೆ ಆ ವಾರವನ್ನು ಎರಡೂವರೆ ದಿನ ಅಂತ ಹಿಡಿಯಬಹುದು. ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸವಂತೂ ಈ ಲೆಕ್ಕಕ್ಕೇ ಬರುವುದಿಲ್ಲ. ನನಗೆ ತುಂಬಾ ಇಷ್ಟವಾದ ಅನುಕೂಲ ಇದು.

ಓದು ಮುಗಿದ ಮೇಲೆ? ಜರ್ಮನಿ ಕೆಲಸ ಹುಡುಕಲು 18 ತಿಂಗಳು ಕೊಡುತ್ತದೆ. ಕೆನಡಾದಲ್ಲಿ ಅರ್ಹ ಮಾಸ್ಟರ್ಸ್ ಓದಿದವರಿಗೆ ಮೂರು ವರ್ಷದವರೆಗೆ ವರ್ಕ್ ಪರ್ಮಿಟ್ ಸಿಗುತ್ತದೆ. ಜಾಸ್ತಿ ಸಮಯ ಬೇಕು ಅನ್ನುವವರಿಗೆ ನಾನು ಕೆನಡಾ ಅನ್ನುತ್ತೇನೆ.