ಲಾರಿಯ ಬೆನ್ನಿಗೊಂದು ಕೆಂಪು ಪಟ್ಟಿ: 3ಎಂ ಡೈಮಂಡ್ ಗ್ರೇಡ್ ಪ್ರತಿಫಲಕ ಟೇಪಿನ ವಿಮರ್ಶೆ

ರಾತ್ರಿ ಹೆದ್ದಾರಿಯ ಅಂಚಿನಲ್ಲಿ ಕೆಟ್ಟು ನಿಂತ ಲಾರಿಗೆ ಹಿಂದಿನಿಂದ ಕಾರು ಡಿಕ್ಕಿ ಹೊಡೆದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಬ್ಯಾಟರಿ ಇಳಿದ ಗಾಡಿಯಲ್ಲಿ ಟೇಲ್ ಲೈಟೂ ಉರಿಯುವುದಿಲ್ಲ, ಇಂಡಿಕೇಟರೂ ಉರಿಯುವುದಿಲ್ಲ. ಡಿಪ್ ಮಾಡಿದ ಹೆಡ್‌ಲೈಟಿನಲ್ಲಿ ಕಪ್ಪು ಲಾರಿಯೊಂದು ಕಣ್ಣಿಗೆ ಬೀಳುವಷ್ಟರಲ್ಲಿ ಹೆಚ್ಚೆಂದರೆ ಐವತ್ತು ಮೀಟರ್ ಉಳಿದಿರುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಕ್ರಮಿಸುವುದರಿಂದ ಬ್ರೇಕು ಒತ್ತುವ ಮೊದಲೇ ಅರ್ಧ ದಾರಿ ಮುಗಿದಿರುತ್ತದೆ. ಕರೆಂಟಿನ ಹಂಗಿಲ್ಲದ ಪ್ರತಿಫಲಕ ಟೇಪಿಗೆ ಇಷ್ಟು ಮಹತ್ವ ಬರುವುದು ಇದೇ ಕಾರಣಕ್ಕೆ.

ನಮ್ಮ ಲಾರಿಗೆ ಹಾಕಿಸಿರುವ 3ಎಂ ಕಂಪನಿಯ ಈ ಟೇಪನ್ನು ಹತ್ತಿರದಿಂದ ನೋಡಿದರೆ ಮೇಲ್ಪದರದ ಅಡಿಯಲ್ಲಿ ಸೂಕ್ಷ್ಮ ಪ್ರಿಸ್ಮ್‌ಗಳ ಸಾಲು ಕಾಣುತ್ತದೆ. ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದು ಅವುಗಳ ಕೆಲಸ. ಕತ್ತಲಲ್ಲಿ ದೂರ ನಿಂತು ಟಾರ್ಚನ್ನು ಹಣೆಯ ಪಕ್ಕ ಹಿಡಿದರೆ ಪಟ್ಟಿ ಕೆಂಡದಂತೆ ಹೊಳೆಯುತ್ತದೆ; ಅದೇ ಟಾರ್ಚನ್ನು ಬೇರೊಬ್ಬರ ಕೈಗೆ ಕೊಟ್ಟು ಪಕ್ಕಕ್ಕೆ ಸರಿಸಿದರೆ ಹೊಳಪು ತಟ್ಟನೆ ಕುಂದುತ್ತದೆ. ರಸ್ತೆ ಬದಿಯಲ್ಲಿ ಮಾರುವ ಗುರುತಿಲ್ಲದ ಟೇಪನ್ನು ಪಕ್ಕದಲ್ಲಿಟ್ಟು ಇದೇ ಪರೀಕ್ಷೆ ಮಾಡಿದರೆ ವ್ಯತ್ಯಾಸಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಬೆಲೆ ಹೆಚ್ಚೆಂಬುದು ನಿಜ, ಆದರೂ ಕೊಟ್ಟ ಹಣಕ್ಕೆ ಮೋಸವಿಲ್ಲ.

ಯಾವ ಕಂಪನಿಯದನ್ನೇ ಕೊಂಡರೂ ವಾಹನಗಳ ಪ್ರತಿಫಲಕ ಟೇಪಿಗೆ ಭಾರತದಲ್ಲಿರುವ ಎಐಎಸ್-090 ಮಾನದಂಡದ ಗುರುತು ಟೇಪಿನ ಮೇಲೆಯೇ ಇದೆಯೇ ಎಂದು ನೋಡಿಕೊಳ್ಳಬೇಕು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಎಂಬುದು ನಿಯಮ.

ಟೇಪು ಎಷ್ಟೇ ಒಳ್ಳೆಯದಿದ್ದರೂ ಅಂಟಿಸುವವರ ಕೈ ಮುಖ್ಯ. ನಮಗೆ ಅಂಟಿಸಿಕೊಟ್ಟವರು ಧೂಳನ್ನು ಒಣಬಟ್ಟೆಯಿಂದ ಒರೆಸಿ, ರಿವಿಟ್‌ಗಳ ಮೇಲೆಯೇ ಎಳೆದು ಹಚ್ಚಿದ್ದರಿಂದ ಅಲ್ಲಲ್ಲಿ ಅಂಚು ಎದ್ದು, ಮಳೆನೀರು ಒಳಸೇರಿ, ಆ ಭಾಗ ಮಂಕಾಯಿತು. ಜಿಡ್ಡನ್ನು ಪೂರ್ತಿ ತೆಗೆದು, ತಗಡು ಒಣಗಿದ ಮೇಲೆ, ರಿವಿಟ್ ಇರುವಲ್ಲಿ ಟೇಪನ್ನು ಕತ್ತರಿಸಿ, ರೋಲರಿನಿಂದ ಒತ್ತಿ ಕೂರಿಸಬೇಕೆಂದು ಎದುರು ನಿಂತು ಹೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು. ಜಲ್ಲಿ, ಸಿಮೆಂಟು ಸಾಗಿಸುವ ಟಿಪ್ಪರುಗಳಲ್ಲಿ ಧೂಳು ಕವಿದರೆ ಎಂಥ ಟೇಪೂ ನಿರುಪಯುಕ್ತ. ಗಾಜು ಒರೆಸುವಾಗಲೇ ಇದನ್ನೂ ಒದ್ದೆಬಟ್ಟೆಯಲ್ಲಿ ಒರೆಸುವ ರೂಢಿ ಚಾಲಕರಿಗೂ ಕ್ಲೀನರಿಗೂ ಬರಬೇಕು. ಕಾರು ಲಾರಿಯ ಅಡಿಗೆ ನುಗ್ಗದಂತೆ ತಡೆಯುವ ಹಿಂಬದಿಯ ಗಾರ್ಡ್‌ಗೆ ಟೇಪು ಬದಲಿಯಲ್ಲವೆಂಬುದನ್ನೂ ಮರೆಯಬಾರದು.

ಈ ಟೇಪಿನ ಅಗತ್ಯ ಅತಿ ಹೆಚ್ಚಾಗಿರುವುದು ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ಟ್ರೇಲರುಗಳಿಗೆ. ತುಂಬಿದ ಕಬ್ಬು ಹಿಂದಕ್ಕೆ ಚಾಚಿ ಇಳಿಬಿದ್ದು ಹಿಂಬದಿಯನ್ನು ಮುಚ್ಚಿಬಿಡುವುದರಿಂದ, ಟೇಪನ್ನು ಕೆಳಗಿನ ಚೌಕಟ್ಟಿಗೂ ಎರಡೂ ಪಕ್ಕಗಳಿಗೂ ಅಂಟಿಸಿ, ಹೊರೆಯ ತುದಿಗೆ ಇದೇ ಕೆಂಪು ಟೇಪು ಹಚ್ಚಿದ ತಗಡೊಂದನ್ನು ಕಟ್ಟಬೇಕು. ಕಬ್ಬು ನುರಿಸುವ ಹಂಗಾಮು ಆರಂಭವಾಗುವ ಮೊದಲೇ ಟ್ರೇಲರ್ ಮಾಲೀಕರು ಈ ಕೆಲಸ ಮುಗಿಸಿಕೊಳ್ಳಲಿ.