ಆಲ್ಫಾ 3, ಆಲ್ಫಾ, ಬಿಗ್ ಬರ್ತಾ: ಮೊದಲ ರಾಕೆಟ್ ಕಿಟ್ ಯಾವುದಾಗಲಿ?

ಮಾದರಿ ರಾಕೆಟ್ ಮಾಡುವ ಎಸ್ಟಿಸ್ ಕಂಪನಿಯ ಈ ಮೂರೂ ಕಿಟ್‌ಗಳಿಗೆ ಬೇಕಾದದ್ದು 18 ಮಿ.ಮೀ. ಅಗಲದ ಮೋಟಾರ್ (ಉರಿದು ರಾಕೆಟ್ಟನ್ನು ತಳ್ಳುವ ಮದ್ದಿನ ಕೊಳವೆ), ಒಂದೇ ಲಾಂಚ್ ಪ್ಯಾಡ್ ಮೂರಕ್ಕೂ ಸಾಕು. ಕಟ್ಟಿ ಹಾರಿಸಿ ನೋಡಿದರೆ ವ್ಯತ್ಯಾಸ ಕಾಣುವುದು ಎರಡು ಕಡೆ: ಕಟ್ಟುವ ಕೆಲಸದಲ್ಲಿ, ಹಾರಿದ ರಾಕೆಟ್ ಮತ್ತೆ ಕೈಗೆ ಸಿಗುವುದರಲ್ಲಿ. ಡಬ್ಬದ ಮೇಲಿನ ಎತ್ತರದ ಅಂಕಿ ನೋಡಿ ಮಾತ್ರ ಕೊಳ್ಳಬೇಡಿ.

ಆಲ್ಫಾ 3ರಲ್ಲಿ ಮೂರು ರೆಕ್ಕೆಗಳೂ ಸೇರಿ ಒಂದೇ ಪ್ಲಾಸ್ಟಿಕ್ ಅಚ್ಚು. ರೆಕ್ಕೆ ಸೊಟ್ಟಗೆ ಕೂರುವ ಭಯವಿಲ್ಲ, ಚಿಕ್ಕ ಮಕ್ಕಳ ತಾಳ್ಮೆ ಮುಗಿಯುವುದರೊಳಗೆ ಕೆಲಸ ಮುಗಿದಿರುತ್ತದೆ. ಆಲ್ಫಾದ್ದು ಅದೇ ಅಳತೆ, ಆದರೆ ರೆಕ್ಕೆಗಳು ಬಾಲ್ಸಾ ಮರದವು. ಒಂದೊಂದನ್ನೂ ಉಜ್ಜಿ ಅಂಟಿಸಬೇಕು. ಇಲ್ಲಿ ಅವಸರ ಮಾಡಿದವರೇ ಕೆಡಿಸಿಕೊಳ್ಳುವುದು. ರೆಕ್ಕೆಯ ಬುಡಕ್ಕೆ ಮರದ ಅಂಟು ತೆಳುವಾಗಿ ಸವರಿ ಕೆಲವು ನಿಮಿಷ ಆರಲು ಬಿಡಿ, ಮತ್ತೊಮ್ಮೆ ಸವರಿ ಒತ್ತಿ ಹಿಡಿಯಿರಿ. ಪೂರ್ತಿ ಒಣಗಿದ ಮೇಲೆ ಸಂದಿಯುದ್ದಕ್ಕೂ ಇನ್ನೊಂದು ಎಳೆ ಅಂಟು ಎಳೆದು ಬೆರಳಿನಿಂದ ನಯ ಮಾಡಿ. ಇಷ್ಟು ಮಾಡಿದರೆ ನೆಲಕ್ಕೆ ಬಡಿದರೂ ರೆಕ್ಕೆ ಸುಲಭಕ್ಕೆ ಕಿತ್ತು ಬರುವುದಿಲ್ಲ.

ಬಿಗ್ ಬರ್ತಾ ಸುಮಾರು 61 ಸೆಂ.ಮೀ. ಉದ್ದ, ದಪ್ಪ ಕೊಳವೆ, ನಾಲ್ಕು ದೊಡ್ಡ ಬಾಲ್ಸಾ ರೆಕ್ಕೆ. ಮೋಟಾರ್ ಕೂರುವ ಭಾಗವನ್ನು ಕೊಳವೆಯೊಳಗೆ ತೂರಿಸುವಾಗ ಎಲ್ಲೂ ನಿಲ್ಲಿಸದೆ ಒಂದೇ ಸಲಕ್ಕೆ ತಳ್ಳಿ; ನಡುವೆ ನಿಂತರೆ ಅಂಟು ಅಲ್ಲೇ ಕಚ್ಚಿಕೊಳ್ಳುತ್ತದೆ. ಇದರ ಸೊಗಸೆಲ್ಲ ಹಾರಾಟದಲ್ಲಿದೆ. ನಿಧಾನವಾಗಿ ಏರುತ್ತದೆ, ಏರಿದ್ದೂ ಪ್ಯಾರಾಶೂಟ್ ಬಿಚ್ಚಿದ್ದೂ ಮಕ್ಕಳ ಕಣ್ಣಿಗೆ ಕಾಣುತ್ತದೆ. ಆಲ್ಫಾಗಳಿಗೆ ಸಿ6-5 ಎಂಬ ಮೋಟಾರ್ ಹಾಕಿದರೆ 300 ಮೀಟರ್ ಆಸುಪಾಸಿಗೆ ಹೋಗಿ ಚುಕ್ಕೆಯಾಗುತ್ತವೆ. ಗಾಳಿಯಿದ್ದ ದಿನ ಅದನ್ನು ಹುಡುಕುವುದೇ ದೊಡ್ಡ ಕೆಲಸ. ಅವಕ್ಕೆ ಎ8-3ರಿಂದ ಶುರು ಮಾಡಿ.

ಮೋಟಾರಿನ ಹೆಸರಲ್ಲಿ ಕೊನೆಯ ಅಂಕಿಯನ್ನು ಅಲಕ್ಷಿಸಬೇಡಿ. ಬಿ4-2ರಲ್ಲಿ ಬಿ ಒಟ್ಟು ಶಕ್ತಿ, 4 ಸರಾಸರಿ ತಳ್ಳುಬಲ ನ್ಯೂಟನ್‌ಗಳಲ್ಲಿ, 2 ಎಂದರೆ ಉರಿದು ಮುಗಿದ ಎಷ್ಟು ಸೆಕೆಂಡಿಗೆ ಪ್ಯಾರಾಶೂಟ್ ಹೊರಬೀಳುತ್ತದೆ ಎಂಬುದು. ದಪ್ಪನೆಯ ಬಿಗ್ ಬರ್ತಾ ಗಾಳಿಯ ತಡೆಗೆ ಬೇಗ ವೇಗ ಕಳೆದುಕೊಳ್ಳುವುದರಿಂದ ಅದಕ್ಕೆ ಬಿ4-2 ಚೆನ್ನಾಗಿ ಹೊಂದುತ್ತದೆ. ಕಾಯುವ ಹೊತ್ತು ಹೆಚ್ಚಾದರೆ ರಾಕೆಟ್ ಮೂತಿ ಕೆಳಗಾಗಿ ರಭಸದಲ್ಲಿ ಬೀಳುವಾಗ ಪ್ಯಾರಾಶೂಟ್ ಬಿಚ್ಚಿ, ಅದರ ದಾರ ಕೊಳವೆಯ ಬಾಯನ್ನು ಸೀಳಿಬಿಡುತ್ತದೆ.

ಪ್ಯಾರಾಶೂಟ್ ಕರಗಿ ಮುದ್ದೆಯಾಗುವುದಕ್ಕೆ ಕಾರಣ ಹೆಚ್ಚಾಗಿ ಮೋಟಾರಿಗೂ ಪ್ಯಾರಾಶೂಟಿಗೂ ನಡುವೆ ತುಂಬುವ, ಬೆಂಕಿ ಹಿಡಿಯದ ವ್ಯಾಡಿಂಗ್ ಕಾಗದ ಸಾಲದಿರುವುದು. ಕೊಳವೆಯ ಅಗಲದ ಒಂದೂವರೆಯಿಂದ ಎರಡರಷ್ಟು ಆಳ ತುಂಬುವಂತೆ ಸಡಿಲವಾಗಿ ಹಾಕಿ. ದಪ್ಪ ಕೊಳವೆಯ ಬಿಗ್ ಬರ್ತಾಗೆ ಇದು ಜಾಸ್ತಿ ಬೇಕು.

ನಮ್ಮ ಆಯ್ಕೆ: ಪುಟ್ಟ ಮಕ್ಕಳಿದ್ದರೆ ಆಲ್ಫಾ 3, ಎರಡು ಸಂಜೆ ಕೂತು ಕಟ್ಟುವವರಿಗೆ ನೇರವಾಗಿ ಬಿಗ್ ಬರ್ತಾ. ಬಿ ಮೋಟಾರಿಗೆ ಕನಿಷ್ಠ 60 ಮೀಟರ್, ಸಿ ಮೋಟಾರಿಗೆ 120 ಮೀಟರ್ ಅಗಲದ ಬಯಲು ಬೇಕು. ಹಾರಿಸುವ ಗುಂಡಿ ಒತ್ತುವಾಗ ಎಲ್ಲರೂ 5 ಮೀಟರ್ ದೂರವಿರಲಿ. ಮೋಟಾರ್ ಹೊತ್ತಿಕೊಳ್ಳದಿದ್ದರೆ ಗುಂಡಿಯ ಪೆಟ್ಟಿಗೆಯ ಸೇಫ್ಟಿ ಕೀ ತೆಗೆದು 60 ಸೆಕೆಂಡ್ ಕಾದು ಆಮೇಲೆ ಹತ್ತಿರ ಹೋಗಿ. ಬಹುಪಾಲು ಸಲ ಇಗ್ನೈಟರಿನ (ಮೋಟಾರ್ ಹೊತ್ತಿಸುವ ತಂತಿಯ) ತುದಿ ಮದ್ದಿಗೆ ತಾಗಿರುವುದಿಲ್ಲ.