ಕುದುರೆ ಲಾಯಕ್ಕೆ ಬೇಸಿಗೆಯಲ್ಲಿ ಜಾಗ ನೋಡಿ ಒಪ್ಪಬೇಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮಗಳಿಗೆ ಕುದುರೆ ಅಂದ್ರೆ ಪ್ರಾಣ. ಎರಡು ವರ್ಷ ಬೇಡಿದ ಮೇಲೆ ಒಂದು ಹೆಣ್ಣು ಕುದುರೆ ತಂದೆವು, ಹೆಸರು ಚಂದ್ರಿ. ತರುವ ಮೊದಲೇ ದುಡ್ಡು ಸುರಿದು ಲಾಯ ಕಟ್ಟಿಸಿದ್ದೆ. ಆ ಲಾಯದಿಂದಲೇ ಅವಳು ಮೂರು ತಿಂಗಳು ಕುಂಟಿದಳು. ನಮ್ಮ ಕಡೆ ಇನ್ನೂ ಕೆಲವರು ಕುದುರೆ ಸಾಕುವ ಯೋಚನೆಯಲ್ಲಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕಟ್ಟಿಕೊಡುವವರು ಬಂದು ಜಾಗ ನೋಡಿದ್ದು ಮಾರ್ಚ್‌ನಲ್ಲಿ. ಗುಡ್ಡೆಯ ಬುಡ, ತೋಟದ ಅಂಚು. ತಂಪು, ನೆರಳು, ಪೈಪಿನ ನೀರು ಪಕ್ಕದಲ್ಲೇ. ನಕ್ಷೆ ನೋಡಲು ಬಹಳ ಚಂದ ಇತ್ತು. ತಗ್ಗಿನ ಹಂಚಿನ ಮಾಡು, ನುಣುಪಾದ ಸಿಮೆಂಟ್ ನೆಲ, ಮೂರು ಕಡೆ ಪೂರ್ತಿ ಗೋಡೆ, ಸುತ್ತ ಹೂ ಬಿಡುವ ಕಣಗಿಲೆ ಗಿಡದ ಸಾಲು. ಅವರು ಅದುವರೆಗೆ ಕಟ್ಟಿದ್ದು ಹಸುವಿನ ಹಟ್ಟಿ ಮತ್ತು ಫಾರ್ಮ್ ಹೌಸ್. ಕುದುರೆಗೆ ಕಟ್ಟಿದ್ದೀರಾ ಅಂತ ಕೇಳಿದ್ದಕ್ಕೆ "ಹಟ್ಟಿ ಹಾಗೇ ಅಲ್ವಾ, ಸ್ವಲ್ಪ ದೊಡ್ಡದು" ಅಂದರು. ನಂಬಿದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಹೆಚ್ಚಿನದ್ದೆಲ್ಲ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಗುಡ್ಡೆ ಕುಡಿದ ನೀರು ಕೆಂಪುಕಲ್ಲಿನ ಮೂಲಕ ಇಳಿದು, ನೀರು ಸುಲಭಕ್ಕೆ ಇಳಿಯದ ಶೇಡಿ ಮಣ್ಣು ಸಿಕ್ಕಿದಲ್ಲಿ ಅಡ್ಡಕ್ಕೆ ತಿರುಗಿ, ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಮಾರ್ಚ್‌ನ ಒಣ ನೆಲದ ಮೇಲೆ ನಿಂತಾಗ ಅದು ತಲೆಗೆ ಬರಲೇ ಇಲ್ಲ. ಗೋಡೆಯ ಬುಡದಿಂದ ನೀರು ಜಿನುಗತೊಡಗಿತು. ನೆಲಕ್ಕೆ ಇಳಿಜಾರು ಇಲ್ಲ. ಒರತೆ ನೀರು, ಮೂತ್ರ, ಹಾಸಿದ ಮರದ ಹೊಟ್ಟು ಎಲ್ಲ ಸೇರಿ ಕೆಸರು. ಎರಡು ಸಲ ಚಂದ್ರಿ ಏಳುವಾಗ ಜಾರಿ ಬಿದ್ದಳು. ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವಷ್ಟು ಘಾಟು. ರಾತ್ರಿಯಿಡೀ ಅವಳು ಅದನ್ನೇ ಉಸಿರಾಡಿದ್ದಳು.

ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಹೊತ್ತಿಗೆ ಮುಂದಿನ ಬಲಗಾಲು ಊರಲು ಹಿಂಜರಿದಳು. ಕಲ್ಲು ಚುಚ್ಚಿರಬೇಕು ಅಂತ ನಾನು ಸುಮ್ನಿದ್ದೆ. "ಏನೋ ಕೊಳೆತ ವಾಸನೆ ಬರ್ತದಲ್ಲ" ಅಂತ ಮೊದಲು ಹೇಳಿದ್ದು ಅಮ್ಮ. ಕುದುರೆ ನೋಡಿ ಅಭ್ಯಾಸ ಇರುವ ಡಾಕ್ಟರನ್ನು ಮಂಗಳೂರಿನಿಂದ ಕರೆಸಿದೆ. ಅವರು ಕಾಲು ಎತ್ತಿ ಮಡಿಲಲ್ಲಿಟ್ಟು, ಕೊಕ್ಕೆಯಲ್ಲಿ ಗೊರಸಿನ ಅಡಿ ಕೆರೆದರು. ಅಲ್ಲಿ ಮೆತ್ತಗಿನ ತ್ರಿಕೋನದಂಥ ಭಾಗ ಇರುತ್ತದೆ. ಅದರ ಎರಡೂ ಬದಿಯ ಸೀಳಿನಿಂದ ಡಾಮರಿನಂಥ ಕಪ್ಪು ಲೋಳೆ ಬಂತು. ಕೊಕ್ಕೆಯ ತುದಿ ಬೆರಳಿನ ಒಂದು ಗೆಣ್ಣಿನಷ್ಟು ಒಳಗೆ ಹೋಯಿತು. ಚಂದ್ರಿ ಕಾಲು ಕಿತ್ತುಕೊಂಡು ನಡುಗಿದಳು. ಮಗಳು ಅಳುತ್ತಾ ಒಳಗೆ ಓಡಿದಳು.

ಇದಕ್ಕೆ ಥ್ರಷ್ ಅನ್ನುತ್ತಾರೆ. ಗಾಳಿಯಾಡದ ಒದ್ದೆ ಕೊಳಕಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ ಗೊರಸು ಕೊಳೆಯುವುದು. "ಔಷಧಿ ಕೊಡ್ತೇನೆ. ಆದ್ರೆ ನಿಲ್ಲುವ ಜಾಗ ಒಣಗದೆ ಗುಣ ಆಗುದಿಲ್ಲ ಮಾರಾಯ್ರೇ. ಆ ಕಣಗಿಲೆ ಮಾತ್ರ ಇವತ್ತೇ ಕೀಳಿಸಿ" ಅಂದರು ಡಾಕ್ಟರು. ಕಣಗಿಲೆ ನೇರ ಹೃದಯಕ್ಕೆ ಬಡಿಯುವ ವಿಷ. ಒಣಗಿ ಬಿದ್ದ ಎಲೆಯಲ್ಲೂ ವಿಷ ಹೋಗುವುದಿಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದರೆ ತಿಂದದ್ದೇ. ಬಾಯಿಗೆ ಸಿಗುವಷ್ಟು ಹತ್ತಿರ ಅದನ್ನು ನೆಟ್ಟಿದ್ದರು! ಅಂದು ಸಂಜೆ ಬೇರು ಸಮೇತ ಕಿತ್ತು, ಒಂದೆಲೆ ಬಿಡದೆ ಗುಡಿಸಿ ದೂರ ಹೂತೆವು.

ಕಟ್ಟಿದವರಿಗೆ ಫೋನ್ ಮಾಡಿದರೆ "ಮಳೆಗಾಲದಲ್ಲಿ ಎಲ್ಲಾ ಕಡೆ ಹಾಗೇ" ಅಂದರು. ಆಮೇಲೆ ಫೋನೇ ಎತ್ತಲಿಲ್ಲ. ದುಡ್ಡು ಪೂರ್ತಿ ಕೊಟ್ಟಾಗಿತ್ತು.

ಈಗಿನ ಲಾಯ ಗುಡ್ಡೆಯ ಮೇಲೆ, ಗೇರು ಮರಗಳ ಹತ್ತಿರ. ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರಿಸಿ, ಜಲ್ಲಿ ತುಂಬಿ ಗಟ್ಟಿ ಮಾಡಿ, ಮೇಲೆ ರಬ್ಬರ್ ಮ್ಯಾಟ್ ಹಾಸಿದ್ದೇವೆ. ಮೇಲ್ಬದಿಯಲ್ಲಿ ಕಣಿ ಕಡಿದು ಗುಡ್ಡೆ ನೀರನ್ನು ಆಚೆ ತಿರುಗಿಸಿದ್ದೇವೆ. ಕೋಣೆ 12 ಅಡಿ ಉದ್ದ, 12 ಅಡಿ ಅಗಲ. ಮಾಡು ತೀರಾ ತಗ್ಗಿದಲ್ಲೂ 10 ಅಡಿ ಇದೆ. ಗೋಡೆ ಎದೆ ಮಟ್ಟಕ್ಕೆ ಮಾತ್ರ, ಅದರ ಮೇಲೆ ಗಾಳಿ. ಪಶ್ಚಿಮದ ಎರಚಲು ತಡೆಯಲು ಆ ಕಡೆ ಮಾಡನ್ನು ನಾಲ್ಕಡಿ ಮುಂದಕ್ಕೆ ಚಾಚಿದ್ದೇವೆ. ಮುಳ್ಳುತಂತಿ ಇಲ್ಲ. ಕುದುರೆ ಬೆದರಿದರೆ ಎದುರು ಏನಿದೆ ಅಂತ ನೋಡದೆ ಓಡುತ್ತದೆ, ಮೈ ಹರಿದುಕೊಳ್ಳುತ್ತದೆ. ಬೈಹುಲ್ಲು ಇಡಲು ಬೇರೆ ಅಟ್ಟ ಮಾಡಿಸಿದೆ. ಬೂಸಲು ಹಿಡಿದದ್ದನ್ನು ಕುದುರೆಗೆ ಹಾಕುವಂತೆಯೇ ಇಲ್ಲ.

ನೀವು ಕಟ್ಟಿಸುವುದಾದರೆ ಜಾಗವನ್ನು ಆಟಿಯಲ್ಲಿ ಕೊಡೆ ಹಿಡಿದು ಹೋಗಿ ನೋಡಿ. ಮೂರಡಿ ಗುಂಡಿ ತೋಡಿ, ಮಳೆನೀರು ಬೀಳದಂತೆ ಶೀಟು ಮುಚ್ಚಿಡಿ. ಮರುದಿನ ಬೆಳಿಗ್ಗೆ ಅದರಲ್ಲಿ ನೀರು ನಿಂತಿದ್ದರೆ ಆ ಜಾಗ ಬೇಡವೇ ಬೇಡ. ಕಟ್ಟುವವರು ಮೊದಲು ಕಟ್ಟಿದ ಲಾಯಕ್ಕೆ ಹೋಗಿ, ಅಲ್ಲಿನ ಕುದುರೆಯ ಕಾಲು ಎತ್ತಿಸಿ ನೋಡಿ. ಕೊನೆಯ ಕಂತಿನ ಹಣ ಒಂದು ಮಳೆಗಾಲ ಕಳೆದ ಮೇಲೆ ಅಂತ ಮೊದಲೇ ಬರೆಸಿಕೊಳ್ಳಿ. ಒಪ್ಪದಿದ್ದರೆ ಬೇರೆಯವರನ್ನು ನೋಡಿ.